ಹಂದಿಗೂ ಮಂಗನಿಗೂ ಒಂದೇ ಬೋರು

ಕೋವಿ ಅಂಗಡಿಯಲ್ಲಿ ಕೆಲಸ ಅಂದ್ರೆ ಜನ ನನ್ನನ್ನು ಭಾರೀ ಧೈರ್ಯದವ ಅಂತ ತಿಳ್ಕೊಳ್ತಾರೆ. ನಿಜ ಹೇಳ್ತೇನೆ, ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟು, ಮೊಬೈಲ್ ಅಂಗಡಿ, ಟೈಲ್ಸ್ ಅಂಗಡಿ, ಕ್ಯಾಟರಿಂಗ್ ಅಂತ ಮೂರು ಮೂರು ತಿಂಗಳು ಸುತ್ತಿ, ಕಡೆಗೆ ಬಿ.ಸಿ.ರೋಡಿನ ಈ ಅಂಗಡಿಯಲ್ಲಿ ಬಂದು ಕೂತವ ನಾನು. ಇಲ್ಲಿಂದ ಇನ್ನೂ ಓಡಿ ಹೋಗ್ಲಿಲ್ಲ ಅಂದ್ರೆ ಅದಕ್ಕೆ ಗಿರಾಕಿಗಳೇ ಕಾರಣ. ಬೇರೆ ಅಂಗಡಿಯಲ್ಲಿ ನಗು ಬೇಕಾದ್ರೆ ಫೋನ್ ನೋಡ್ಬೇಕು. ಇಲ್ಲಿ ಬಾಗಿಲು ನೋಡಿದ್ರೆ ಸಾಕು, ವಾರಕ್ಕೆ ಎರಡಾದ್ರೂ ಸಿಗ್ತದೆ.

ಬೇಟೆ ನಮ್ಮಲ್ಲಿ ಬಂದ್ ಆಗಿ ಯಾವ ಕಾಲವೋ ಆಯ್ತು. ಲೈಸೆನ್ಸ್ ಕೊಡುವುದೇ ಬೆಳೆ ರಕ್ಷಣೆಗೆ. ಆದ್ರೆ ಬೇಟೆಯ ಮಾತು ಬಂದ್ ಮಾಡುವ ಕಾನೂನು ಇನ್ನೂ ಬರ್ಲಿಲ್ಲ. ಒಳಗೆ ಬಂದವ ಚಾ ಬರುವ ಮೊದಲು ಬಾಯಲ್ಲೇ ಎರಡು ಹುಲಿ ಕೊಲ್ತಾನೆ. ಚಾ ಕುಡಿದ ಮೇಲೆ ಮೆಲ್ಲ ಕೇಳ್ತಾನೆ: "ಎಲ್ಲದಕ್ಕೂ ಆಗುವಂಥದ್ದು ಒಂದು ಯಾವುದುಂಟು?"

ಈ ಸಲ ಹಾಗೆ ಕೇಳಿದವರು ನನ್ನ ಸೋದರಮಾವ. ಆದ ಕಾರಣ ನಗುವುದರ ಒಟ್ಟಿಗೆ ಓಡಾಡುವ ಕೆಲಸವೂ ನನ್ನ ತಲೆಗೆ ಬಂತು.

ಮಾವನ ಪಟ್ಟಿ

ಮಾವನ ಜಾಗ ಲಾಯಿಲದಿಂದ ಒಳಗೆ, ಗುಡ್ಡದ ಬದಿಯಲ್ಲಿ. ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿ ಕಚೇರಿಗೆ ಎಷ್ಟು ಸಲ ಹೋಗಿದ್ರು ಅಂದ್ರೆ, ಅಲ್ಲಿಯ ಗುಮಾಸ್ತರ ಮಗಳ ಮದುವೆಗೆ ಇವರಿಗೂ ಕಾಗದ ಬಂದಿತ್ತು. ಕಡೆಗೊಮ್ಮೆ ಲೈಸೆನ್ಸ್ ಬಂತು. ಒಂದು ಕೋವಿ, ಒಂದೇ. ಬೋರು, ಅಂದ್ರೆ ನಳಿಗೆಯ ಅಳತೆ, ನೀವೇ ಆರಿಸಿ. ಆದ್ರೆ ತಿಂಗಳ ಕೊನೆಯೊಳಗೆ ಖರೀದಿಸಿ ಠಾಣೆಯಲ್ಲಿ ತೋರಿಸ್ಬೇಕು, ಇಲ್ಲದಿದ್ರೆ ಲೈಸೆನ್ಸ್ ರದ್ದು. ಮತ್ತೆ ಮೊದಲಿಂದ ಅರ್ಜಿ.

ಅಂಗಡಿ ಧಣಿಯನ್ನು ನಾವೆಲ್ಲ ಕಾಕ ಅಂತ ಕರೆಯುವುದು. ನಲವತ್ತು ವರ್ಷದಿಂದ ಕೋವಿ ಮಾರ್ತಿದ್ದಾರೆ, ಒಂದು ಸೊಳ್ಳೆಯನ್ನೂ ಕೊಂದವರಲ್ಲ. ಮಾವ ಅವರ ಎದುರು ಒಂದು ಪಟ್ಟಿ ಇಟ್ರು. ಹಂದಿ, ಮರಗೆಣಸು ಅಗೆಯುತ್ತದೆ. ಮಂಗ, ಮರದಲ್ಲೇ ಬೊಂಡ ತೂತು ಮಾಡಿ ಎಳನೀರು ಕುಡೀತದೆ. ನವಿಲು, ಸೌತೆ ಬೀಜ ಹೆಕ್ಕುತ್ತದೆ, ಅದನ್ನು ಹೆದರಿಸಿದ್ರೆ ಸಾಕು.

"ಅಷ್ಟೇನಾ?" ಕಾಕ ಕೇಳಿದ್ರು.

"ಇನ್ನೊಂದುಂಟು, ಪಟ್ಟಿಯಲ್ಲಿ ಬರೀಲಿಲ್ಲ. ಆಚೆಮನೆಯವನ ಹತ್ರ ಇರುವಂಥದ್ದು ಆಗ್ಬಾರ್ದು."

"ಅವನ ಹತ್ರ ಎಂತದುಂಟು?"

"ಹನ್ನೆರಡು ಬೋರಿನದ್ದು."

ಕಾಕ ತಲೆ ಹಿಡ್ಕೊಂಡ್ರು. "ಅಣ್ಣಾ, ನಿಮಗೆ ಬೇಕಾದದ್ದು ಅದೇ. ಕೋವಿ ಒಂದೇ, ಒಳಗೆ ತುಂಬುವ ತೋಟೆ ಬದಲಾಯಿಸಿದ್ರೆ ಆಯ್ತು. ಕಾಳಿನಂಥ ಸಣ್ಣ ಚರೆಯದ್ದು ಬೇರೆ, ದೊಡ್ಡ ಗುಂಡಿನದ್ದು ಬೇರೆ."

"ಬೇಡ. ರೈಫಲ್ ತೋರಿಸಿ. ಪಾಯಿಂಟ್ ಟೂ ಟೂ?"

"ಹಂದಿಗೆ ಬೆನ್ನು ತುರಿಸಿದ ಹಾಗೆ ಆಗ್ತದೆ."

"ತ್ರೀ ಫಿಫ್ಟೀನ್?"

"ಮಂಗ ಹೋಗ್ತದೆ, ಬೊಂಡ ಹೋಗ್ತದೆ, ಗುಂಡು ನಿಲ್ಲುವುದಿಲ್ಲ. ನೀವು ಲಾಯಿಲದಲ್ಲಿ ಹಾರಿಸಿದ್ರೆ ಬೆಳ್ತಂಗಡಿ ಪೇಟೆಯಲ್ಲಿ ಬಸ್ಸಿಗೆ ಕಾಯುವವರಿಗೆ ಫೋನ್ ಮಾಡಿ ಬಗ್ಗಿ ಅನ್ಬೇಕು."

"ಹಾಗಾದ್ರೆ ಇವೆರಡರ ನಡುವಿನದ್ದು ಒಂದು ಕೊಡಿ."

"ಅಣ್ಣಾ," ಅಂದ್ರು ಕಾಕ, "ಚಪ್ಪಲಿ ಅಂಗಡಿ ಆಚೆ ಬದಿಯಲ್ಲುಂಟು. ಏಳು ಬಿಗಿ, ಎಂಟು ಸಡಿಲ, ಏಳೂವರೆ ಕೊಡಿ ಅಂತ ಅಲ್ಲಿ ಕೇಳಿ."

ಊಟದ ಪಂಕ್ತಿಯಲ್ಲಿ

ಆ ಆದಿತ್ಯವಾರ ಮೂಡಬಿದ್ರೆಯಲ್ಲಿ ನಮ್ಮ ಸಂಬಂಧದ ಒಂದು ಮದುವೆ. ಮಾವನಿಗೆ ಮದುಮಕ್ಕಳ ಮುಖ ನೋಡುವಷ್ಟೂ ಪುರುಸೊತ್ತಿಲ್ಲ. ಸಿಕ್ಕಿದವರ ಹತ್ರ "ಎಲ್ಲದಕ್ಕೂ ಆಗುವ ಬೋರು ಯಾವುದು?" ಅಂತ ಕೇಳಿಕೊಂಡೇ ಬಂದು ಊಟಕ್ಕೆ ಕೂತ್ರು. ಎಡಗಡೆ ಮಿಲಿಟರಿಯಿಂದ ನಿವೃತ್ತರಾದ ಒಬ್ರು. ಬಲಗಡೆ ದುಬೈಯಿಂದ ರಜೆಗೆ ಬಂದ ಒಬ್ಬ. ನಡುವೆ ನನ್ನ ಮಾವ, ಎರಡು ಲೌಡ್ ಸ್ಪೀಕರಿನ ನಡುವೆ ಕೂತ ಹಾಗೆ.

ಮಿಲಿಟರಿಯವ್ರು ಹೇಳಿದ್ರು: "ತ್ರೀ ಫಿಫ್ಟೀನ್. ಕಣ್ಣು ಮುಚ್ಚಿ ತೆಗೊಳ್ಳಿ."

"ಕಣ್ಣು ಮುಚ್ಚಿದ್ರೆ ಗುರಿ ಇಡುವುದು ಹೇಗೆ?" ಅಂದೆ ನಾನು. ಮಾವ ಮಿಲಿಟರಿಯವರ ಬೆನ್ನ ಹಿಂದಿಂದ ಕೈ ಚಾಚಿ ನನಗೆ ಚಿವುಟಿದ್ರು.

ದುಬೈಯವ ಎಡಗೈಯಲ್ಲಿ ಫೋನ್ ತೆಗ್ದು ಅಮೆರಿಕದ ಒಂದು ವಿಡಿಯೋ ಹಾಕಿದ. "ಇದು ನೋಡಿ, ಹೊಸ ಬೋರು. ಜಿಂಕೆಗೂ ಅದೇ, ಕರಡಿಗೂ ಅದೇ. ಒಂದು ಮೈಲು ದೂರಕ್ಕೆ ಹೋಗ್ತದೆ."

"ಒಂದು ಮೈಲು ದೂರದ ಹಂದಿ ಇವರ ಮರಗೆಣಸು ಯಾಕೆ ತಿಂತದೆ ಮಾರಾಯ? ಅದಕ್ಕೆ ತೋಟೆ ಎಲ್ಲಿ ಸಿಗ್ತದೆ?" ಅಂದ್ರು ಮಿಲಿಟರಿಯವ್ರು.

"ತರಿಸುವ."

"ಸೆಂಟು ಸಾಬೂನಾ ತರಿಸ್ಲಿಕ್ಕೆ?"

ಮಾತು ಏರಿತು. ಸಾರಿನ ಮೇಲೆ ಹುಳಿ ಬಂತು, ಇಬ್ರೂ ನೋಡ್ಲಿಲ್ಲ. ಮಿಲಿಟರಿಯವ್ರು ಹುಳಿಯಿಂದ ಒಂದು ನುಗ್ಗೆಕಾಯಿ ಎತ್ತಿ ಕೆನ್ನೆಗೆ ಒತ್ತಿ ಹಿಡಿದು, ಎದುರು ಪಂಕ್ತಿಯ ಒಬ್ಬ ಅಜ್ಜನಿಗೆ ಗುರಿ ಇಟ್ಟು ತೋರಿಸಿದ್ರು. ಅಜ್ಜ ಹಪ್ಪಳ ಅಡ್ಡ ಹಿಡಿದ. ದುಬೈಯವನೂ ಬಿಡ್ಲಿಲ್ಲ. "ಅದು ಹಿಂದಕ್ಕೆ ಒದೆಯುತ್ತದೆ, ನನ್ನದು ಒದೆಯುವುದೇ ಇಲ್ಲ. ನಿಮ್ಮದು ಹೇಗೆ ಒದೀತದೆ ಗೊತ್ತುಂಟಾ, ಹೀಗೆ!" ಅಂತ ಮೊಣಕೈಯನ್ನು ಹಿಂದಕ್ಕೆ ಒಂದು ಝಾಡಿಸಿದ.

ಹಿಂದೆ ಪಾಯಸ ಬಡಿಸುವವ ಬಾಲ್ದಿ ಹಿಡ್ಕೊಂಡು ಬಗ್ಗಿದ್ದ. ಬಾಲ್ದಿ ಮೇಲಕ್ಕೆ ಹೋಯ್ತು, ಪಾಯಸ ಎದುರಿನ ಅಜ್ಜನ ಮೇಲೆ ಬಂತು. ಅಜ್ಜ ಕನ್ನಡಕ ತೆಗೆದ, ನಾಲಿಗೆಯಲ್ಲಿ ಮೀಸೆ ಒರೆಸಿದ, ಮಾವನ ಕಡೆ ನೋಡಿ ಹೇಳಿದ:

"ಎಷ್ಟು ಬೋರು ಅಂತ ಗೊತ್ತಾಗ್ಲಿಲ್ಲ. ಚರೆ ಮಾತ್ರ ಗೋಡಂಬಿಯದ್ದು."

ದೂರದ್ದು ಹತ್ತಿರ ಕಾಣುವ ಯಂತ್ರ

ಮದುವೆ ಮುಗಿದ ಮೇಲೆ ಮಾವ ಇನ್ನೂ ಗೊಂದಲದಲ್ಲಿ ಅಂಗಡಿಗೆ ಬಂದ್ರು. ಈಗ ಹೊಸ ಹಟ: ರೈಫಲ್ ಮೇಲೆ ಹಾಕುವ ದುರ್ಬೀನು ನೋಡ್ಬೇಕು. ಕಾಕ ಕೋವಿ ಕೊಡ್ಲಿಲ್ಲ, ಬರೀ ದುರ್ಬೀನು ಕೊಟ್ಟು "ರಸ್ತೆ ಕಡೆ ನೋಡಿ" ಅಂದ್ರು.

ಮಾವ ನೋಡಿದ್ರು. ಬಸ್ಸಿನ ಬೋರ್ಡು ಓದಿದ್ರು. ಕಂಡಕ್ಟರನ ಹಲ್ಲು ಲೆಕ್ಕ ಮಾಡಿದ್ರು. ಆಮೇಲೆ ದುರ್ಬೀನು ಒಂದೇ ಕಡೆ ನಿಂತಿತು.

"ಸಾಹೇಬ್ರೇ, ಇದರಲ್ಲಿ ಕಾಣುವುದೆಲ್ಲ ಸತ್ಯವಾ?"

"ಹೌದಲ್ಲ, ಯಾಕೆ?"

"ಎದುರಿನ ಐಸ್‌ಕ್ರೀಮ್ ಅಂಗಡಿಯಲ್ಲಿ ನನ್ನ ಹೆಂಡತಿ ಗಡ್‌ಬಡ್ ತಿಂತಾ ಇದ್ದಾಳೆ. ಇವತ್ತು ಉಪವಾಸ, ಪೊಳಲಿ ದೇವಸ್ಥಾನಕ್ಕೆ ಹೋಗ್ತೇನೆ ಅಂತ ಬೆಳಿಗ್ಗೆ ಹೊರಟವಳು."

ಕಾಕ ದುರ್ಬೀನು ತೆಗೊಂಡು ನೋಡಿದ್ರು. "ಹೌದು. ಎರಡನೆಯದ್ದು ತಿಂತಾ ಇರುವುದು. ಪಕ್ಕದಲ್ಲಿ ಖಾಲಿ ಗ್ಲಾಸು ಒಂದುಂಟು."

ಮಾವ ದುರ್ಬೀನು ವಾಪಸ್ ಎಳ್ಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಚ್ಚಿದ್ರು. ಅಂಗಡಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಒತ್ತಿದವ ನಾನು.

"ಎಲ್ಲಿದ್ದಿ?"

"ದೇವಸ್ಥಾನದಲ್ಲಿ, ಮತ್ತೆಲ್ಲಿ? ಭಾರೀ ರಶ್ಶು."

"ಹೊಟ್ಟೆಗೆ ಎಂತಾದ್ರೂ ತೆಗೊಂಡ್ಯಾ?"

"ತೀರ್ಥ ಮಾತ್ರ. ಉಪವಾಸ ಅಲ್ವಾ?"

ಮಾವ ತಣ್ಣಗೆ ಹೇಳಿದ್ರು: "ಚಮಚ ಸರಿ ಹಿಡಿ. ತೀರ್ಥದ ಮೇಲಿನ ಚೆರ್ರಿ ಬೀಳ್ತದೆ."

ಚೆರ್ರಿ ಬಿತ್ತು. ಅತ್ತೆ ಎಡಕ್ಕೆ ನೋಡಿದ್ರು, ಬಲಕ್ಕೆ ನೋಡಿದ್ರು, ಮೇಜಿನ ಅಡಿಗೆ ಬಗ್ಗಿ ನೋಡಿದ್ರು. ಗಂಡ ಎಲ್ಲಿಯೂ ಇಲ್ಲ. ಮತ್ತೆ ನಿಧಾನಕ್ಕೆ ಎದ್ದು ನಿಂತು, ತಲೆಗೆ ಸೆರಗು ಹಾಕಿ, ಮೇಲೆ ತಿರುಗುವ ಫ್ಯಾನಿಗೆ ಕೈ ಮುಗಿದ್ರು.

ಎರಡು ನಳಿಗೆಯ ಬಿಡಾರ

ತಿಂಗಳ ಕೊನೆಗೆ ಮೂರೇ ದಿನ ಉಳಿದಿತ್ತು. ಮಾವ ಅಂಗಡಿಯಲ್ಲಿ ಕೂತು, ಸ್ವಲ್ಪ ಬಗ್ಗಿ, "ಆಗ್ಲಿ, ಹನ್ನೆರಡು ಬೋರಿನದ್ದೇ ಕೊಡಿ" ಅನ್ನುವಷ್ಟಕ್ಕೆ ಬಂದಿದ್ರು. ಅದೇ ಹೊತ್ತಿಗೆ ಬಂಟ್ವಾಳದ ಕಡೆಯ ಹಿರಿಯರೊಬ್ರು ಜೋಡು ನಳಿಗೆಯ ಕೋವಿ ಹೊತ್ತುಕೊಂಡು ಬಂದ್ರು. ಅದೂ ಹನ್ನೆರಡು ಬೋರೇ. "ತೋಟೆ ಒಳಗೆ ಹೋಗುವುದಿಲ್ಲ. ಕಂಪೆನಿ ಸರಿ ಇಲ್ಲ" ಅಂತ ದೂರು.

ಕಾಕ ಕೋವಿ ಮಡಚಿ ಬೆಳಕಿಗೆ ಹಿಡಿದು ನೋಡಿದ್ರು. ಈ ಬದಿಯಿಂದ ಕತ್ತಲೆ, ಆ ಬದಿಯಿಂದಲೂ ಕತ್ತಲೆ. ಸಲಾಕೆ ಹಾಕಿ ನೂಕಿದ್ರು. ಮೊದಲು ಒಣಗಿದ ಗೊಂಡೆ ಹೂ ಬಂತು. ಆಮೇಲೆ ಕುಂಕುಮ. ಆಮೇಲೆ ಮಣ್ಣು, ಮಣ್ಣು, ಮಣ್ಣು. ಕಣಜ ಒಳಗೆ ಗೂಡು ಕಟ್ಟಿ ಮರಿ ಮಾಡಿ ಹೋಗಿತ್ತು.

"ಇದನ್ನು ಯಾವಾಗ ಹೊರಗೆ ತೆಗೆಯುವುದು ನೀವು?"

"ಆಯುಧ ಪೂಜೆಗೆ. ಹೂ ಹಾಕಿ, ಆರತಿ ಎತ್ತಿ, ವಾಪಸ್ ಇಡುವುದು."

"ಮತ್ತೆ ಹಂದಿ ಬಂದ್ರೆ?"

"ತೋರಿಸ್ತೇವೆ."

"ತೋರಿಸಿದ್ರೆ ಹೋಗ್ತದಾ?"

"ಪೂಜೆ ಆದ ಕೋವಿ ಅಲ್ವಾ? ಸ್ವಲ್ಪ ಹೊತ್ತು ನಿಂತು ನೋಡಿ ಹೋಗ್ತದೆ."

ಕಾಕ ಕೋವಿಯನ್ನು ಅವರ ಕೈಗೆ ಮರ್ಯಾದೆಯಿಂದ ಕೊಟ್ರು. "ಇದಕ್ಕೆ ರಿಪೇರಿ ಬೇಡ. ಪಂಚಾಯತಿಗೆ ಹೋಗಿ ಎರಡು ನಳಿಗೆಗೂ ಮನೆ ನಂಬ್ರ ಮಾಡಿಸಿ. ಒಕ್ಕಲು ಬಂದು ವರ್ಷ ಎರಡಾಗಿದೆ."

ಮಾವ ಎದ್ದು ನಿಂತು "ಹನ್ನೆರಡು ಬೋರು ಕ್ಯಾನ್ಸಲ್" ಅಂತ ಹೊರಗೆ ಹೋದ್ರು.

ಕೊನೆಯ ದಿನ

ಕೊನೆಯ ದಿನ ಬೆಳಿಗ್ಗೆ ಮಾವನನ್ನು ಅಂಗಡಿಗೆ ಎಳ್ಕೊಂಡು ಬಂದದ್ದು ಅತ್ತೆ. ಮಾವ ಟೂ ಟೂ ನೋಡಿದ್ರು, ಇಟ್ರು. ತ್ರೀ ಫಿಫ್ಟೀನ್ ಎತ್ತಿದ್ರು, ನಿಟ್ಟುಸಿರು ಬಿಟ್ರು. ಗಂಟೆ ಹನ್ನೊಂದಾಯ್ತು. ಅತ್ತೆ ಕುರ್ಚಿಯಿಂದ ಎದ್ರು.

"ಸಾಹೇಬ್ರೇ, ಹನ್ನೆರಡು ಬೋರಿನ ಒಂಟಿ ನಳಿಗೆ ಕಟ್ಟಿ ಕೊಡಿ. ಇವರು ಆರಿಸಿ ಮುಗಿಸುವಾಗ ಹಂದಿಗಳೇ ವಯಸ್ಸಾಗಿ ಸಾಯ್ತವೆ."

ಬಿಲ್ಲು ಆಯ್ತು. ಕೋವಿ ಚೀಲಕ್ಕೆ ಹೋಯ್ತು. ಆಶ್ಚರ್ಯ ಎಂತ ಅಂದ್ರೆ, ಹೆಗಲಿಗೆ ಬಂದ ಕೂಡಲೇ ಮಾವನಿಗೆ ಅದು ಇಷ್ಟ ಆಗಿಹೋಯ್ತು. ಬಸ್ಸಿನಲ್ಲಿ ಮಡಿಲಲ್ಲಿ ಮಲಗಿಸಿಕೊಂಡು, ಹೊಂಡ ಬಂದಾಗೆಲ್ಲ ಒಂದು ಕೈ ಅಡ್ಡ ಹಿಡೀತಿದ್ರು.

ಠಾಣೆಗೆ ನಾವು ಮೂವರೂ ಮುಟ್ಟುವಾಗ ಮಧ್ಯಾಹ್ನ. ಬರೆಯುವ ಪೇದೆ ಲೈಸೆನ್ಸ್ ನೋಡಿ, ಕೋವಿ ನೋಡಿ, "ಒಳ್ಳೇದಾಯ್ತು, ಎಂಟ್ರಿ ಮಾಡ್ತೇನೆ. ಕೋವಿ ಇಲ್ಲೇ ಬಿಡಿ" ಅಂದ.

"ಬಿಡ್ಲಿಕ್ಕೆ ಯಾಕೆ?"

"ಚುನಾವಣೆ ನೀತಿ ಸಂಹಿತೆ ಬಂದಿದೆ. ಎಲ್ಲರ ಕೋವಿ ಜಮಾ. ಮುಗಿದ ಮೇಲೆ ತೆಗೊಂಡು ಹೋಗಿ."

ಮಾವನ ಕಣ್ಣು ತುಂಬಿತು. "ಒಂದು ದಿನವಾದ್ರೂ ಮನೆಗೆ ಕರ್ಕೊಂಡು ಹೋಗ್ತೇನೆ, ಸಾರ್."

"ಮದುಮಗಳಾ ಅದು? ಇಡಿ ಒಳಗೆ."

ಒಳಗಿನ ಕೋಣೆ ನೋಡ್ಬೇಕು ನೀವು. ತಾಲೂಕಿನ ಕೋವಿ ಎಲ್ಲ ಕುತ್ತಿಗೆಗೆ ಚೀಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದವು. ಮಾವ ತಿಂಗಳಿಡೀ ಕನಸು ಕಂಡ ಬೋರುಗಳೆಲ್ಲ ಒಟ್ಟಿಗೆ, ಬೀಗದ ಒಳಗೆ.

ಅಷ್ಟರಲ್ಲಿ ಹೊರಗೆ ಗಲಾಟೆ. ಎಸ್.ಐ. ಊಟಕ್ಕೆ ಕೂತು ಟೊಪ್ಪಿಯನ್ನು ಕಿಟಿಕಿಯಲ್ಲಿ ಇಟ್ಟಿದ್ರಂತೆ. ಒಂದು ದೊಡ್ಡ ಗಡವ ಮಂಗ ಟೊಪ್ಪಿ ಎತ್ಕೊಂಡು ಹಂಚಿನ ಮಾಡಿನ ಮೇಲೆ ಹೋಗಿ ಕೂತಿದೆ. ಸುತ್ತ ಹದಿನೈದು ಮಂಗ. ಒಬ್ಬ ಲಾಠಿ ಬೀಸಿದ, ಒಬ್ಬ ಸೀಟಿ ಊದಿದ, ಒಬ್ಬ ಜೀಪಿನ ಸೈರನ್ ಹಾಕಿದ. ಮಂಗ ಟೊಪ್ಪಿಯನ್ನು ತಲೆಗೆ ಇಟ್ಟುಕೊಂಡು ಎಲ್ಲರನ್ನೂ ಮೇಲಿಂದ ನೋಡಿತು. ಎಸ್.ಐ. ಘಟ್ಟದ ಮೇಲಿನವರು, ಮಂಗನ ಕೆಲಸ ಅವರಿಗೆ ಹೊಸತು. ಕೈ ತೊಳೆಯದೆ ಅಂಗಳದಲ್ಲಿ ನಿಂತಿದ್ರು.

ಆಗ ನನ್ನ ಮಾವ, ಯಾರೂ ಕೇಳದೆ, ಪಂಚೆ ಎತ್ತಿ ಕಟ್ಟಿದ್ರು. ಎರಡು ಕೈ ಬಾಯಿಗೆ ಹಿಡಿದು ಒಂದು ಬೊಬ್ಬೆ ಹಾಕಿದ್ರು.

ಅದನ್ನು ಬರೆದು ತೋರಿಸ್ಲಿಕ್ಕೆ ಆಗುವುದಿಲ್ಲ. ಹಂಚು ಒಂದು ಜಾರಿತು. ರಸ್ತೆಯಲ್ಲಿ ಬಸ್ಸು ನಿಂತಿತು. ಹದಿನೈದು ಮಂಗ ಹದಿನೈದು ದಿಕ್ಕಿಗೆ ಹೋದವು, ಗಡವ ಟೊಪ್ಪಿ ಬಿಸಾಡಿ ಕಾಣೆಯಾಯ್ತು. ಒಳಗೆ ವಿಚಾರಣೆಗೆ ಕೂತಿದ್ದ ಒಬ್ಬ "ಹೇಳ್ತೇನೆ ಸಾರ್, ಎಲ್ಲ ಹೇಳ್ತೇನೆ" ಅಂತ ಕೂಗಿದ್ದು ನಮಗೆಲ್ಲ ಕೇಳಿಸಿತು.

ಎಸ್.ಐ. ಟೊಪ್ಪಿ ಕೊಡವಿ ಹಾಕಿಕೊಂಡ್ರು. ಮಾವ ಬಹುಮಾನ ಸಿಗುವವರ ಹಾಗೆ ನಿಂತಿದ್ರು. ಎಸ್.ಐ. ಅವರ ಫೈಲು ತರಿಸಿ, ಅರ್ಜಿ ತೆಗೆದು ಜೋರಾಗಿ ಓದಿದ್ರು: "'ಮಂಗಗಳನ್ನು ಓಡಿಸಲು ನನ್ನಲ್ಲಿ ಕೋವಿಯ ಹೊರತು ಬೇರೆ ಯಾವುದೇ ಉಪಾಯ ಇರುವುದಿಲ್ಲ.' ಏನ್ರೀ, ಇದು ನಿಮ್ಮದೇ ಸಹಿ ತಾನೆ?"

ಮಾವನ ಮುಖ ಸುಣ್ಣ ಆಯ್ತು. ಇಷ್ಟು ಅಲೆದು ಸಿಕ್ಕಿದ ಲೈಸೆನ್ಸು ಅವರ ಬಾಯಿಂದಲೇ ಹಾರಿ ಹೋಗುವುದರಲ್ಲಿತ್ತು. ಕೂಡಲೇ ಗಂಟಲು ಹಿಡ್ಕೊಂಡು ಪಿಸಪಿಸ ಅಂದ್ರು: "ಸಾರ್, ಇವತ್ತು ಹೇಗೋ ಬಂತು. ಮನೆಯಲ್ಲಿ ಇಷ್ಟು ಬರುವುದಿಲ್ಲ."

"ಬರ್ತದೆ ಸಾರ್!" ಅಂದ್ರು ಅತ್ತೆ, ಹೆಮ್ಮೆಯಿಂದ. "ದಿನಾ ಬರ್ತದೆ. ಇದು ಎಂತದೂ ಅಲ್ಲ."

ಎಸ್.ಐ. ಇಬ್ರನ್ನೂ ಒಮ್ಮೆ ನೋಡಿದ್ರು. ಮತ್ತೆ ಅವರು ಲೈಸೆನ್ಸ್ ಪುಸ್ತಕ ಎಳ್ಕೊಂಡು ಸೀಲು ಒತ್ತಿದ್ರು. ಪೇದೆ ಪೆನ್ನು ಹಿಡಿದು ಕೇಳಿದ: "ಸಾರ್, ಜಮಾ ಎಂತ ಅಂತ ಬರೀಲಿ?"

"ಹನ್ನೆರಡು ಬೋರಿನ ಕೋವಿ ಒಂದು ಅಂತ ಬರಿ," ಅಂದ್ರು ಎಸ್.ಐ. "ನಿಜವಾಗಿ ಇಲ್ಲಿ ಬೀಗ ಹಾಕಿ ಇಟ್ಕೋಬೇಕಾದ್ದು ಇವರ ಬಾಯನ್ನ. ಏನ್ ಮಾಡೋದು, ರಿಜಿಸ್ಟರಲ್ಲಿ ಅದಕ್ಕೆ ಕಾಲಂ ಇಲ್ಲ."