ಕಿವಿತಂತಿಯ ದನಿ ಎಷ್ಟಿರಬೇಕು

ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳದೆ ನಗೆಪಾಟಲಾಗುವುದು ನಮ್ಮ ಮನೆಯಲ್ಲಿ ಇವತ್ತಿಗೂ ನಿಂತಿಲ್ಲ. ಕಾಲುವೆಗೆ ಹೊಸದಾಗಿ ನೀರು ಬಂದ ವರ್ಷಗಳಲ್ಲಂತೂ ದಿನಕ್ಕೊಂದು. ನಮ್ಮ ಮನೆಯವರು ಆಗ ಸಿಂಧನೂರಿನ ಕಡೆ ಕಾಲುವೆ ಗೇಟು ಕಾಯುತ್ತಿದ್ದರು. ಕೂಗಿದರೆ ಎತ್ತಬೇಕು, ಕೂಗಿದರೆ ಇಳಿಸಬೇಕು. ಅವರ ನೌಕರಿ ಅಂದರೆ ಕಿವಿಯೇ.

೧. ಮಷೀನು

ವರ್ಗವಾಗಿ ಹೊರಟ ಓವರ್‌ಸೀಯರ್ ಒಬ್ಬರು ಅಂಗೈಯಗಲದ ರೇಡಿಯೋ ಒಂದನ್ನು ಇವರಿಗೆ ಕೊಟ್ಟು ಹೋದರು. ಅದಕ್ಕೊಂದು ತಂತಿ, ತಂತಿಯ ತುದಿಗೆ ಕಡಲೆಕಾಳಿನಷ್ಟು ಗುಂಡಿ. ಅದನ್ನು ಕಿವಿಗೆ ಸಿಗಿಸಿಕೊಂಡರೆ ದನಿ ಅವರೊಬ್ಬರಿಗೇ.

ಮಸ್ಕಿಯಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ನೋಡಿ ಕುಂತೇಬಿಟ್ಟಳು. "ಇಷ್ಟು ಸಣ್ಣ ವಯಸ್ಸಿಗೇ ಕಿವುಡರ ಮಷೀನು ಬಂತಲ್ಲೋ ನನ್ನಪ್ಪಾ."

"ಕಿವುಡಲ್ಲ ಬೇ, ವಾರ್ತಾ ಕೇಳಾಕತ್ತೀನಿ" ಅಂತ ಇವರು ಓಣಿ ನಡುಗುವಂತೆ ಒದರಿದರು.

ಅತ್ತೆ ನನ್ನ ಕಡೆ ತಿರುಗಿ, "ನೋಡು, ಎಷ್ಟು ಜೋರು ಮಾತಾಡ್ತಾನ. ಎರಡೂ ಕಿವಿ ಪೂರಾ ಹೋಗ್ಯಾವ" ಅಂದಳು.

೨. ಸುಣ್ಣದ ಚುಕ್ಕಿ

ಅತ್ತೆ ಅಂದದ್ದು ಪೂರಾ ಸುಳ್ಳಾಗಲಿಲ್ಲ. ಎರಡು ತಿಂಗಳಿಗೆ ಇವರ ಕಿವಿ ಗುಂಯ್ ಅನ್ನತೊಡಗಿತು. ಕಿವಿ ಹೋದರೆ ಗೇಟೂ ಹೋದಂತೆ ಅಂತ ಹೆದರಿ ಲಿಂಗಸುಗೂರಿನ ಡಾಕ್ಟರಿಗೆ ತೋರಿಸಿದೆವು.

"ಹೋದ ಕಿವಿ ತಿರುಗಿ ಬರಂಗಿಲ್ಲ" ಅಂದರು ಅವರು. "ತಂತಿ ಹಾಕ್ಕೊಂಡಾಗ ಒಂದು ಕೈ ದೂರದಿಂದ ಹೆಂಡತಿ ಮೆಲ್ಲಕ ಕರೀಲಿ. ಕೇಳಿದ್ರ ಸರಿ. ಕೇಳಲಿಲ್ಲಂದ್ರ ದನಿ ಇಳಿಸು. ಬಹಳ ಹೊತ್ತೂ ಹಾಕಬ್ಯಾಡ."

ಕರೆಯುವುದು ಹೆಂಗ? ಗಂಡನ ಹೆಸರು ನಾವು ಬಾಯಿಗೆ ತರುತ್ತಿರಲಿಲ್ಲ. ಕೆಲಸವಿದ್ದರೆ ಬಳೆ ಸಪ್ಪಳ ಮಾಡುವುದು, ಅವರು ತಿರುಗಿ ನೋಡುವುದು, ಅಷ್ಟೇ. ಬಳೆಯಿಂದಲೇ ಅಳೆದೆವು. ಅವರು ರೇಡಿಯೋದ ಗಾಲಿ ತಿರುವಿ ದನಿ ಇಳಿಸುತ್ತ ಬಂದರು. ಬಳೆ ಕೇಳಿದಾಗ ಗಾಲಿ ನಿಂತ ಜಾಗಕ್ಕೆ ನಾನು ಸುಣ್ಣದ ಚುಕ್ಕಿ ಇಟ್ಟೆ.

ಮರುದಿನ ಗೇಟಿನ ಹತ್ತಿರ ಹೋಗಿ ನೋಡಿದರೆ ಗಾಲಿ ಚುಕ್ಕಿ ದಾಟಿ ನಿಂತಿತ್ತು. "ನೀರಿನ ಸಪ್ಪಳದಾಗ ಚುಕ್ಕಿಗೆ ಏನೂ ಕೇಳಂಗಿಲ್ಲ" ಅಂದರು. ಗಾಲಿ ಮುಟ್ಟಗೊಡದೆ ಅವರನ್ನು ಮನೆಗೆ ಕರೆತಂದು, ಆ ತಂತಿ ನನ್ನ ಕಿವಿಗೆ ಇಟ್ಟುಕೊಂಡೆ. ತಲೆಯೊಳಗೆ ಡೊಳ್ಳು ಬಡಿದಂತಾಯಿತು. ಹೊರಗಿನ ಗದ್ದಲದಲ್ಲಿ ಸಣ್ಣದೆನಿಸಿದ ದನಿ ಕಿವಿಗೆ ಸಣ್ಣದಲ್ಲ ಅಂತ ಅವತ್ತು ತಿಳಿಯಿತು. ತಂತಿ ಬದಿಗಿಟ್ಟು, "ನೀರಿನ ಕೂಡ ಜಿದ್ದಿಗೆ ಬಿದ್ರ ಸೋಲೋದು ನಿಮ್ಮ ಕಿವಿ" ಅಂದೆ.

"ಆಂ?" ಅಂದರು.

೩. ಹೆಸರು

ಒಂದು ಮಧ್ಯಾಹ್ನ ಕೆಳಗಿನ ಗದ್ದೆಯ ರೈತ ದಮ್ಮು ಹತ್ತಿ ಓಡಿ ಬಂದ. ಕಾಲುವೆ ದಂಡೆ ಕುಸಿಯುತ್ತಿದೆ, ಗೇಟು ಇಳಿಸದಿದ್ದರೆ ನಾಟಿಯೆಲ್ಲ ಕೊಚ್ಚಿಹೋಗುತ್ತದೆ. ಇವರು ಆಚೆ ದಂಡೆಯಲ್ಲಿ, ನಮಗೆ ಬೆನ್ನು ಮಾಡಿ, ತಂತಿ ಸಿಗಿಸಿಕೊಂಡು ಕುಂತಿದ್ದಾರೆ.

ರೈತ ಕೂಗಿದ. ಇಲ್ಲ. ನಾನು ಬಳೆ ಅಲ್ಲಾಡಿಸಿದೆ, "ರೀ" ಅಂದೆ. ಇಲ್ಲ. ಕಣ್ಣು ಮುಚ್ಚಿ ಹೆಸರು ಹಿಡಿದು ಒದರಿದೆ. ಆ ಹೆಸರು ಇಲ್ಲೂ ಹೇಳುವುದಿಲ್ಲ. ನಾವಿದ್ದ ಕಾಲುವೆ ಕೆಲಸದವರ ಕ್ಯಾಂಪಿನ ಹೆಂಗಸರೆಲ್ಲ ಹೊರಗೆ ಬಂದರು. ಇವರು ಮಾತ್ರ ಅಲ್ಲಾಡಲಿಲ್ಲ. ಗೇಟಿನ ಮೇಲಿನ ಹಲಗೆ ದಾಟಿ ಓಡಿಹೋಗಿ ತಂತಿ ಕಿತ್ತೆ. ಗೇಟು ಇಳಿಯಿತು, ನಾಟಿ ಉಳಿಯಿತು.

"ಕರೀಬಾರದೇನು?" ಅಂದರು ಇವರು.

ಅತ್ತೆ ಅಂದಳು, "ಹನ್ನೆರಡು ವರ್ಷ ಮುಚ್ಚಿಟ್ಟ ಹೆಸರು ಕ್ಯಾಂಪಿಗೆಲ್ಲ ಕೇಳ್ತು. ನಿನಗೊಬ್ಬಂಗ ಕೇಳಲಿಲ್ಲ."

ಅವತ್ತು ಇವರ ಮುಖ ಸಣ್ಣದಾಯಿತು. ಗೇಟಿನ ಹತ್ತಿರ ತಂತಿ ಹಾಕುವುದನ್ನೇ ಬಿಟ್ಟರು. ಮನೆಯಲ್ಲಿ ಮಾತ್ರ, ಅದೂ ಅರ್ಧ ತಾಸು. ಬರಬರುತ್ತ ಕಿವಿಯ ಗುಂಯ್ ಕಮ್ಮಿಯಾಯಿತು. ಆದರೂ ದಿನಾ ತಂತಿ ಹಾಕಿ ಕುಂತು, "ಬಳಿ ಕೇಳವಲ್ವು. ಹೆಸರು ಹಿಡಿದೇ ಕರಿ" ಅನ್ನುವರು. ಮತ್ತೆ ಕಿವಿ ಕೆಟ್ಟಿತೋ ಏನೋ ಅಂತ, ಅತ್ತೆ ಇಲ್ಲದ್ದು ನೋಡಿ ನಾನು ಮೆಲ್ಲಕ್ಕೆ ಕರೆಯುವೆ. "ಇನ್ನೊಮ್ಮೆ" ಅನ್ನುವರು. ಮತ್ತೆ ಕರೆಯುವೆ.

ಹೀಗೆ ಎಂಟು ದಿನ ಕರೆದ ಮೇಲೆ, ದನಿ ನಾನೇ ಇಳಿಸೋಣ ಅಂತ ರೇಡಿಯೋ ಕೈಗೆ ತಗೊಂಡೆ. ಅದನ್ನು ಚಾಲೂನೇ ಮಾಡಿರಲಿಲ್ಲ.