ಒಂದು ದಿನದ ಮಟ್ಟಿಗೆ ಕಟ್ಟಿಗೆ

ಧರ್ಮದ್ರೋಹ ಒಪ್ಪಿಕೊಂಡವರು ಭಾನುವಾರ ಬರಿಗಾಲಲ್ಲಿ ಒಂದು ಹೊರೆ ಕಟ್ಟಿಗೆ ಹೊತ್ತು ಸಂತೆಬೀದಿ ಸುತ್ತಿ, ಅದನ್ನು ಚೌಕದ ಬೆಂಕಿಗೆ ಹಾಕತಕ್ಕದ್ದು. ತಪ್ಪಿದಲ್ಲಿ ಅವರನ್ನೇ ಹಾಕತಕ್ಕದ್ದು. ಇದು ನಮ್ಮ ಬಿಷಪ್ಪರ ನ್ಯಾಯಾಲಯದ ನಿಯಮ. ಇಡೀ ಇಂಗ್ಲೆಂಡಿನಲ್ಲಿ ಇದಕ್ಕಿಂತ ಕರುಣೆಯ ನಿಯಮ ಇಲ್ಲವೆಂದು ಸ್ವೇನ್ಸ್‌ವಿಕ್ ಊರಿನ ನಾವೆಲ್ಲ ಒಪ್ಪುತ್ತೇವೆ. ಒಪ್ಪದವರು ಈಗ ಇಲ್ಲ.

ಬಿಯರ್ ಮಾರುವ ಇಡೊನಿ, ಚರ್ಚಿನ ಸಂತ ಬೋಟಲ್ಫರ ವಿಗ್ರಹ ತೋರಿಸಿ, "ಅದು ಬರೀ ಮರದ ಕೊರಡು ಕಣ್ರೀ, ಅದಕ್ಯಾಕೆ ಮೇಣದಬತ್ತಿ?" ಅಂದುಬಿಟ್ಟಿದ್ದಳು. ವಿಚಾರಣೆಯಲ್ಲಿ ಮೊಣಕಾಲೂರಿ ತಪ್ಪಾಯಿತೆಂದಳು. ಕಟ್ಟಿಗೆ ಹೊರುವ ಶಿಕ್ಷೆಯಾಯಿತು.

ತೊಡಕಾದದ್ದು ಕಟ್ಟಿಗೆಯದೇ. ಕಾಡು ದೊರೆಯದು, ಕಾಲಿಡುವಂತಿಲ್ಲ. ಊರಿನ ಸೌದೆಯನ್ನೆಲ್ಲ ನ್ಯಾಯಾಲಯವೇ ತಂದು ಕೊಟ್ಟಿಗೆಗೆ ಹಾಕಿ ಬೀಗ ಜಡಿದಿತ್ತು. ಶನಿವಾರ ಇಡೊನಿ ಅಲ್ಲಿಗೇ ಓಡಿದಳು.

"ಅಮೀನಣ್ಣ, ಒಂದು ಹೊರೆ ಕೊಡು. ಹೆಂಗೂ ನಾಳೆ ಬೆಂಕಿಗೇ ಬೀಳುತ್ತಲ್ಲ!"

"ಆಗಲ್ಲಮ್ಮ," ಎಂದ ನ್ಯಾಯಾಲಯದ ಅಮೀನ ವೈಮಾರ್ಕ್. "ಇದು ಸುಡೋ ಕಟ್ಟಿಗೆ. ಹೊರೋ ಕಟ್ಟಿಗೆ ಅಲ್ಲ."

"ಅಂದ್ರೆ ನನ್ನನ್ನ ಸುಡೋಕೆ ಇದೆ, ಉಳಿಸೋಕೆ ಇಲ್ಲ?"

"ಹ್ಞೂಂ. ಸುಡೋದಾದ್ರೆ ನೀನು ಕೇಳೋದೇ ಬೇಡ, ನಾವೇ ಹೊತ್ತು ತರ್ತೀವಿ."

ಇಡೊನಿ ಅಲ್ಲೇ ಕುಸಿದು ಕೂತು ಅತ್ತಳು. ನನಗೂ ಕರುಳು ಚುರುಕ್ಕೆಂದಿತು. ಅವಳ ಬಿಯರಿನಂಥ ಬಿಯರು ಊರಲ್ಲಿ ಬೇರೆಲ್ಲೂ ಸಿಗುವುದಿಲ್ಲ.

"ಅಳಬೇಡ ಮಾರಾಯ್ತಿ," ಎಂದ ವೈಮಾರ್ಕ್, ತಲೆ ಕೆರೆದುಕೊಂಡು. "ಒಣಗಿದ ಮರ ಊರಲ್ಲಿ ಇನ್ನೊಂದಿದೆ."

ಮೆರವಣಿಗೆ ನೋಡಲು ಬಿಷಪ್ಪರೇ ಹೊರಟು ಬರುತ್ತಿದ್ದರು, ನಿಲ್ಲಿಸುವಂತಿರಲಿಲ್ಲ. ನ್ಯಾಯಾಧೀಶರು ಯೋಚಿಸಿ ಡಂಗುರ ಹೊಡೆಸಿದರು: "ಸಂತ ಬೋಟಲ್ಫರ ವಿಗ್ರಹವನ್ನು ನಾಳೆ ಒಂದು ದಿನದ ಮಟ್ಟಿಗೆ ಕಟ್ಟಿಗೆ ಎಂದು ಪರಿಗಣಿಸತಕ್ಕದ್ದು. ಉಳಿದ ದಿನ ಹಾಗೆಂದವರು ಧರ್ಮದ್ರೋಹಿಗಳು."

ಇಡೊನಿ ಸಂತರನ್ನು ಹೆಗಲಿಗೇರಿಸಿ ಬೀದಿ ಸುತ್ತಿದಳು. ಹೆಂಗಸರು ಅಭ್ಯಾಸಬಲದಿಂದ ಮೊಣಕಾಲೂರಿದರು. ಇವತ್ತು ಕಟ್ಟಿಗೆ ಎಂದು ನೆನಪಾಗಿ ಎದ್ದರು. ಚೌಕದಲ್ಲಿ ಸಂತರು ಬಲು ಚೆನ್ನಾಗಿ ಉರಿದರು. ಬಿಷಪ್ಪರು ಕೈ ಕಾಯಿಸಿಕೊಳ್ಳುತ್ತಾ, "ಮಗಳೇ, ಈಗ ನಿನ್ನ ನಂಬಿಕೆ ಗಟ್ಟಿಯಾಯ್ತು" ಎಂದು ಹರಸಿದರು.

ಸೋಮವಾರ ಸಂತರು ಆದೇಶದಂತೆ ಮತ್ತೆ ಸಂತರಾದರು. ಅವರು ಚರ್ಚಿನ ಗೋಡೆಯ ತಮ್ಮ ಗೂಡಿನಲ್ಲಿಲ್ಲ ಎನ್ನಲು ಯಾವ ಆದೇಶವೂ ಇರಲಿಲ್ಲವಾದ್ದರಿಂದ ಎಲ್ಲರೂ ಅಲ್ಲೇ ಬತ್ತಿ ಹಚ್ಚಿದೆವು. ಮೊದಲ ಬತ್ತಿ ಇಡೊನಿಯದು.

"ಅಯ್ಯೋ, ಗೂಡು ಖಾಲಿ ಇದೆಯಲ್ರಪ್ಪಾ!" ಎಂದ ಜೋಡು ಹೊಲಿಯುವ ಹ್ಯಾಮೊನ್.

ಅವನಿಗೂ ಕಟ್ಟಿಗೆ ಹೊರುವ ಶಿಕ್ಷೆಯಾಗಿದೆ. ವೈಮಾರ್ಕ್ ಬಂದು, ಪಕ್ಕದ ಗೂಡಿನ ಸಂತ ಮಾರ್ಗರೆಟ್ಟರನ್ನು ಎತ್ತಿ ನೋಡಿ ಹೋದ.

"ಹೆದರಬೇಡ ಕಣೋ," ಎಂದು ಇಡೊನಿ ಹ್ಯಾಮೊನ್‌ಗೆ ಧೈರ್ಯ ಹೇಳಿದಳು. "ನನ್ನ ಬೋಟಲ್ಫಪ್ಪನಿಗಿಂತ ಹಗುರ ಇದಾಳೆ."