ಒಂದು ಸೈಜ್ ದೊಡ್ಡದು

ಇಳಕಲ್ಲಿನ ಸಂಗಮೇಶ ಇಪ್ಪತ್ತು ವರ್ಷದಿಂದ ಶಾಲಾ ಯೂನಿಫಾರ್ಮ್ ಮಾರುವವನು. ಯಾವ ತಾಯಿ ಮಗನನ್ನು ಅಂಗಡಿಗೆ ಕರೆತಂದರೂ ಅವನದು ಒಂದೇ ಮಂತ್ರ: "ಬೆಳಿಯೋ ಹುಡುಗ ಯವ್ವಾ, ಒಂದು ಸೈಜ್ ದೊಡ್ಡದು ಒಯ್ಯಿ!" ಈ ಮಂತ್ರದ ಪ್ರತಾಪದಿಂದ ಊರಿನ ಅರ್ಧ ಹುಡುಗರು ಮೊಣಕಾಲು ಮುಚ್ಚುವ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಪ್ರಾರ್ಥನೆಗೆ ನಿಂತು ದೊಡ್ಡವರಾದರು. ಅಳತೆಯ ವಿಷಯದಲ್ಲಿ ತನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಿಲ್ಲ ಎಂದು ಸಂಗಮೇಶ ನಂಬಿದ್ದ.

ಇಂಥವನು ಒಂದು ದಿನ ಹಳೆಯ ಕ್ವಾಡ್ ಬೈಕ್ ತಂದ. ನಾಲ್ಕು ದಪ್ಪ ಗಾಲಿಯ ಗಾಡಿ! ಗುಡೂರಿನ ಹತ್ತಿರ ಗುಡ್ಡದ ಮೇಲೆ ಅವರ ಹೊಲ, ದಾರಿಯೆಲ್ಲ ಕಲ್ಲು. ಹೆಂಡತಿ ಸುನಂದಾ ಗಾಡಿಗೆ ಒಂದು ಸುತ್ತು ಹಾಕಿ ತೀರ್ಪು ಕೊಟ್ಟಳು.

"ರವಿವಾರ ನಮ್ಮ ಅಣ್ಣಾರು ಹೊಲಕ್ಕ ಊಟಕ್ಕ ಬರ್ತಾರ. ರೊಟ್ಟಿ ಬುಟ್ಟಿ ಮತ್ತ ನಾನು ಹನ್ನೆರಡಕ್ಕ ಗುಡ್ಡದ ಮ್ಯಾಲ ಇರಬೇಕು. ಇದ್ರ ಗಾಡಿ ಇರಲಿ. ಇಲ್ಲಾಂದ್ರ ಸೋಮವಾರ ಮಾರಿಬಿಡ್ರಿ!"

"ಹನ್ನೆರಡ್ಯಾಕ? ಹನ್ನೊಂದೂವರಿಗೆ ಏರಸ್ತೇನಿ!"

ಮಾತು ಕೊಟ್ಟಾಯಿತು. ಗಾಡಿಯನ್ನು ಅವನು ಆಗಲೇ ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆ ಪ್ರೀತಿಸುತ್ತಿದ್ದ. ಕಸುವು ಹೆಚ್ಚಲಿ ಎಂದು ಮೆಕ್ಯಾನಿಕ್ ಅಯೂಬನ ಹತ್ತಿರ ಒಯ್ದ. ಗಾಳಿ, ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರಿನ ಬಾಯಿ ಬರೀ ಇಪ್ಪತ್ತೆರಡು ಮಿಲಿಮೀಟರ್ ಅಂತೆ!

"ಛೇ! ಮೂವತ್ತರದು ಹಾಕು ಅಯೂಬ."

"ಬ್ಯಾಡ್ರಿ ಸಾವಕಾರ್ರ. ಎಂಜಿನ್ ಸಣ್ಣದೈತಿ. ಬಾಯಿ ದೊಡ್ಡದಾದ್ರ ಗಾಳಿ ಸಾವಕಾಶ ಹೋಗತೈತಿ, ಪೆಟ್ರೋಲ್ ಎಳಿಯಂಗಿಲ್ಲ. ಏರಿನ್ಯಾಗ ಕೈ ಕೊಡತೈತಿ."

"ಅಳತಿ ನನಗ ಹೇಳ್ತೀಯೇನು? ಹಾಕು!"

ಅಯೂಬ ಹಾಕಿದ. ಹಳೆಯದನ್ನು ಚೀಲದಲ್ಲಿ ಕಟ್ಟಿಕೊಟ್ಟ. ಸಂಗಮೇಶ ಅದನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು ಮರೆತ.

ರವಿವಾರ ಗುಡ್ಡದ ಬುಡದ ಸಪಾಟು ನೆಲದಲ್ಲಿ ಗಾಡಿ ಹುಲಿಯಂತೆ ಗರ್ಜಿಸಿತು. ಹಿಂದೆ ಸುನಂದಾ, ಅವಳ ಹಿಂದೆ ಬಿಗಿದು ಕಟ್ಟಿದ ಬುಟ್ಟಿ. ಏರು ಶುರುವಾಯಿತು. ಅರ್ಧಕ್ಕೆ ಬಂದಾಗ ಹುಲಿ ಕೆಮ್ಮಿತು. ಸಂಗಮೇಶ ಆಕ್ಸಿಲರೇಟರ್ ಪೂರ್ತಿ ಒತ್ತಿದ. ಖೊರ್ರ್... ಖೊಕ್... ಫುಸ್!

ಗಾಡಿ ಸತ್ತಿತು. ಸತ್ತದ್ದು ಸುಮ್ಮನೆ ಇರಬೇಕೋ ಬೇಡವೋ? ಹಿಂದಕ್ಕೆ ಜಾರತೊಡಗಿತು! ಹಿಂದೆ ಎರಡಾಳು ಆಳದ ಕೊರಕಲು.

"ಬ್ರೇಕ್ ಹಿಡೀರಿ!"

"ಹಿಡದೇನಿ! ಜಲ್ಲಿ ಮ್ಯಾಲ ಜಾರತೈತಿ!"

ಸುನಂದಾ ಸೆರಗು ಸಿಗಿಸಿ ಪಕ್ಕಕ್ಕೆ ಜಿಗಿದಳು. ದೊಡ್ಡದೊಂದು ಕಲ್ಲು ಉರುಳಿಸಿ ಹಿಂದಿನ ಗಾಲಿಗೆ ಕೊಟ್ಟಳು. ಕೊರಕಲಿಗೆ ಒಂದು ಮಾರು ಇದೆ ಎನ್ನುವಾಗ ಗಾಡಿ ನಿಂತಿತು. ಸಂಗಮೇಶನಿಗೆ ಜೀವ ಹೋಗಿ ಬಂದಂತಾಗಿತ್ತು. ಅಷ್ಟರಲ್ಲಿ ಮೇಲಿನಿಂದ ಅವಳ ಅಣ್ಣನ ಕೂಗು: "ಎಲ್ಲಿ ಅದೀರವ್ವಾ? ಹೊಟ್ಟಿ ಹಸದೈತಿ!" ಗಂಟೆ ಹನ್ನೊಂದೂ ಇಪ್ಪತ್ತು.

"ಏನ್ ಮಾಡೀರಿ ಇದಕ್ಕ?" ಸುನಂದಾಳ ದನಿ ತಣ್ಣಗಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕಾರ್ಬ್ಯುರೇಟರ್... ಒಂದು ಸೈಜ್ ದೊಡ್ಡದು..."

"ಯಾಕ? ಎಂಜಿನ್ ಮುಂದಿನ ವರ್ಷ ಏಳನೇ ಕ್ಲಾಸಿಗೆ ಹೋಗತೈತೇನ್ರಿ?"

ಸುನಂದಾ ಬುಟ್ಟಿಯತ್ತ ಕೈ ಮಾಡಿದಳು. ಮೇಲೆ ಹೊದಿಸಿದ ಬಟ್ಟೆ ಹಾರದಂತೆ ಭಾರಕ್ಕೆ ಇಟ್ಟದ್ದು ಏನು? ಹಳೆಯ ಕಾರ್ಬ್ಯುರೇಟರ್! ತಿಕ್ಕಿ ತೊಳೆದು ಒಣಗಿಸಿದ್ದು, ಬೆಳ್ಳಿ ಬಟ್ಟಲಂತೆ ಹೊಳೆಯುತ್ತಿತ್ತು.

"ಗುಡ್ಡದ ಮ್ಯಾಲ ಗಾಳಿ ಭಾಳಂತ ತಂದೇನಿ. ಹಾಕ್ರಿ ಲಗೂ."

ಎರಡು ಬೋಲ್ಟು, ಒಂದು ಪೈಪು, ಒಂದು ಕೇಬಲ್. ಎರಡು ಸಲ ಬೋಲ್ಟು ಬಿಚ್ಚುವ ಪಾನಾ ಕೈಜಾರಿತು, ಒಂದು ಸಲ ಬೋಲ್ಟೇ ಕಲ್ಲಿನ ಸಂದಿಯಲ್ಲಿ ಮಾಯವಾಗಿ, ತಡಕಾಡಿ ತೆಗೆಯಬೇಕಾಯಿತು. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಸಂಗಮೇಶ ಕಣ್ಣು ಮುಚ್ಚಿ, ಬಸವಣ್ಣನನ್ನು ನೆನೆದು ಬಟನ್ ಒತ್ತಿದ. ಗಾಡಿ ಗರ್ಜಿಸಲಿಲ್ಲ, ಸಭ್ಯವಾಗಿ ಗುರ್ ಎಂದು ಏರು ಹತ್ತಿಬಿಟ್ಟಿತು. ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿ!

"ಭಾರಿ ಗಾಡಿರಿ! ಅಳತಿ ನೋಡಿ ತಗೊಂಡೀರಿ," ಎಂದ ಸುನಂದಾಳ ಅಣ್ಣ. ಗಾಡಿ ಉಳಿಯಿತೆಂಬ ಖುಷಿಗೆ ಸಂಗಮೇಶ ಎದೆಯುಬ್ಬಿಸಿ ಬಾಯಿ ತೆರೆದ. ಹೆಂಡತಿಯ ಮುಖ ಕಂಡು ಮುಚ್ಚಿದ.

ಬೇವಿನ ಮರದ ಕೆಳಗೆ ಊಟ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮೂರು ರೊಟ್ಟಿ ಮುಗಿಸಿದ ಸಂಗಮೇಶ ನಾಲ್ಕನೆಯದಕ್ಕೆ ತಾಟು ಚಾಚಿದ.

ಸುನಂದಾ ಅವನ ಹೊಟ್ಟೆಯನ್ನೊಮ್ಮೆ ನೋಡಿ, ಬುಟ್ಟಿಯನ್ನು ಅಣ್ಣನ ಕಡೆ ಸರಿಸಿದಳು.

"ಮೂರು ಸಾಕ್ರಿ. ಎಂಜಿನ್ ಅಳತಿ ನೋಡಿ ಹಾಕಬೇಕಲ್ರಿ!"